ಮುಚ್ಚಿದ ಗಿರಣಿಯ ಜಾಗವನ್ನು ಸಮುದಾಯದ ಉಪಯೋಗಕ್ಕೆ ತರುವುದು: ಮೊದಲು ಯಾವ ಕೆಲಸ ಆಗಬೇಕು?

ಪ್ರಶ್ನೆ: ಹಳೆಗಿರಣಿ

ಎಲ್ಲರಿಗೂ ನಮಸ್ಕಾರ. ಬಹಳ ವರ್ಷಗಳಿಂದ ಬಾಗಿಲು ಮುಚ್ಚಿರುವ ಒಂದು ಬಟ್ಟೆ ಗಿರಣಿಯ ಜಾಗವನ್ನು ಸುತ್ತಲಿನ ಜನರ ಉಪಯೋಗಕ್ಕೆ ತರಬೇಕೆಂಬ ಉದ್ದೇಶದಿಂದ ನಿವಾಸಿಗಳೂ ಗಿರಣಿಯ ಮಾಜಿ ಕಾರ್ಮಿಕರೂ ಸೇರಿ ಒಂದು ಗುಂಪು ಕಟ್ಟಿಕೊಂಡಿದ್ದೇವೆ. ಜಾಗ ಸುಮಾರು 12 ಎಕರೆ ಇದೆ. ನೂಲುವ ಮತ್ತು ನೇಯುವ ಶೆಡ್ಡುಗಳು, ಬಣ್ಣ ಹಾಕುತ್ತಿದ್ದ ವಿಭಾಗ, ಬಾಯ್ಲರ್ ಮನೆ, ಒಂದು ಎತ್ತರದ ಚಿಮಣಿ, ಯಂತ್ರ ದುರಸ್ತಿಯ ವರ್ಕ್‌ಶಾಪು ಮತ್ತು ಅದಕ್ಕೆ ಅಂಟಿಕೊಂಡಂತೆ ಬಿಡಿಭಾಗಗಳಿಗೆ ಕ್ರೋಮ್ ಲೇಪ ಕೊಡುತ್ತಿದ್ದ ಸಣ್ಣ ಕೋಣೆ ಇವೆ. ಯಂತ್ರಗಳು ಗುಜರಿಗೆ ಹೋಗಿ ಬಹಳ ಕಾಲವಾಯಿತು. ಅರ್ಧ ಜಾಗದಲ್ಲಿ ಪೊದೆಯೂ ಮರಗಳೂ ಬೆಳೆದಿವೆ, ಕೆಲವು ಶೆಡ್ಡುಗಳ ಮಾಡು ಕುಸಿದಿದೆ.

ಜಾಗ ಈಗ ಸ್ಥಳೀಯ ಆಡಳಿತದ ವಶದಲ್ಲಿದೆ. ನಾವು ಒಪ್ಪುವಂಥ ಒಂದು ಯೋಜನೆಯನ್ನು ಮುಂದಿಟ್ಟರೆ ಜಾಗವನ್ನು ನಮಗೆ ವಹಿಸಿಕೊಡುವ ವಿಚಾರಕ್ಕೆ ಅಧಿಕಾರಿಗಳು ವಿರೋಧವಾಗಿಲ್ಲ. ತೊಡಕು ಇರುವುದು ನಮ್ಮೊಳಗೆ. ಕೆಲವರಿಗೆ ಉದ್ಯಾನ ಬೇಕು, ಕೆಲವರಿಗೆ ಗ್ರಂಥಾಲಯ ಮತ್ತು ಕೌಶಲ ತರಬೇತಿಯ ಕೇಂದ್ರ ಬೇಕು, ಮಹಿಳೆಯರ ಗುಂಪೊಂದು ತರಕಾರಿ ತೋಟಕ್ಕೆ ಜಾಗ ಕೇಳುತ್ತಿದೆ, ಇನ್ನು ಕೆಲವರು ಕಡಿಮೆ ಬಾಡಿಗೆಯ ಮನೆಗಳಿಗಿಂತ ದೊಡ್ಡ ಉಪಕಾರ ಬೇರೊಂದಿಲ್ಲ ಎನ್ನುತ್ತಾರೆ. ಎಲ್ಲವನ್ನೂ ಕೆಡವಿ ನೆಲ ಸಮ ಮಾಡಿದ ಮೇಲೆಯೇ ಮಾತು ಎನ್ನುವವರೂ ಇದ್ದಾರೆ. ಮಾಜಿ ಕಾರ್ಮಿಕರಿಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ವಾಸ್ತುಶಿಲ್ಪಿಯೊಬ್ಬರು ಉಚಿತವಾಗಿ ನಕ್ಷೆ ಮಾಡಿಕೊಡಲು ಮುಂದೆ ಬಂದಿದ್ದಾರೆ.

ಇಂಥ ಕೆಲಸದ ಅನುಭವವೋ ಅಧ್ಯಯನವೋ ಇರುವವರಲ್ಲಿ ನನ್ನ ವಿನಂತಿ ಇಷ್ಟು: ನಕ್ಷೆಗೆ ಮೊದಲು ಏನಾಗಬೇಕು, ಯಾವ ನಿರ್ಧಾರವನ್ನು ಮುಂದಕ್ಕೆ ಹಾಕಬಹುದು, ಯಾವುದನ್ನು ಹಾಕಬಾರದು ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಮಣ್ಣುನೀರು

ನಾನು ಮಲಿನಗೊಂಡ ನೆಲದ ಪರೀಕ್ಷೆ ಮತ್ತು ಶುದ್ಧೀಕರಣದ ಕ್ಷೇತ್ರದಲ್ಲಿ ಕೆಲಸ ಮಾಡುವವನು. ಹಾಗಾಗಿ ನನ್ನ ಉತ್ತರ ನೆಲದಿಂದಲೇ ಶುರುವಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಉದ್ಯಾನವೋ ಮನೆಯೋ ತೋಟವೋ ಎಂಬ ನಿಮ್ಮ ಚರ್ಚೆ ಪ್ರಾಮಾಣಿಕವಾದದ್ದೇ, ಆದರೆ 12 ಎಕರೆಯ ಯಾವ ಮೂಲೆಯಲ್ಲಿ ಏನು ಹುದುಗಿದೆ ಎಂದು ತಿಳಿಯುವ ಮುನ್ನ ಅದನ್ನು ಮುಗಿಸಲು ಬರುವುದಿಲ್ಲ. ವಾಸ್ತುಶಿಲ್ಪಿಯವರಿಗೆ ಧನ್ಯವಾದ ಹೇಳಿ, ಸ್ವಲ್ಪ ಕಾಯಲು ಕೇಳಿಕೊಳ್ಳಿ.

ಪರೀಕ್ಷೆಯ ಮೊದಲ ಹಂತಕ್ಕೆ ಪ್ರಯೋಗಾಲಯ ಬೇಕಾಗಿಲ್ಲ. ಹಳೆಯ ಕಟ್ಟಡ ನಕ್ಷೆಗಳು, ಬಾಯ್ಲರ್ ಮತ್ತು ಎಣ್ಣೆ ಸಂಗ್ರಹದ ಪರವಾನಗಿಗಳು, ರಾಸಾಯನಿಕ ಖರೀದಿಯ ಪುಸ್ತಕಗಳು ಸಿಕ್ಕಿದರೆ ಅವನ್ನು ಒಟ್ಟುಮಾಡಿ. ಆಮೇಲೆ ಮಾಜಿ ಕಾರ್ಮಿಕರನ್ನು, ಅದರಲ್ಲೂ ಫಿಟ್ಟರ್‌ಗಳನ್ನು, ಬಾಯ್ಲರ್ ನೋಡಿಕೊಳ್ಳುತ್ತಿದ್ದವರನ್ನು, ಬಣ್ಣದ ವಿಭಾಗದವರನ್ನು ಕರೆದುಕೊಂಡು ಜಾಗದಲ್ಲಿ ನಡೆಯಿರಿ. ಬಣ್ಣದ ನೀರು ಯಾವ ಚರಂಡಿಯಲ್ಲಿ ಹರಿಯುತ್ತಿತ್ತು, ಬೂದಿಯನ್ನು ಎಲ್ಲಿ ಸುರಿಯುತ್ತಿದ್ದರು, ಲೇಪದ ತೊಟ್ಟಿ ತೊಳೆದ ನೀರು ಎಲ್ಲಿಗೆ ಹೋಗುತ್ತಿತ್ತು, ಯಾವ ಗುಂಡಿಯನ್ನು ರಾತ್ರೋರಾತ್ರಿ ಮುಚ್ಚಿದರು ಎಂಬ ಸಂಗತಿಗಳು ಯಾವ ಅಧಿಕೃತ ನಕ್ಷೆಯಲ್ಲೂ ಇರುವುದಿಲ್ಲ. ಅವರ ನೆನಪಿನಲ್ಲಿ ಮಾತ್ರ ಇರುತ್ತವೆ. ನಿಮ್ಮ ಗುಂಪಿನಲ್ಲಿ ಅವರು ಇರುವುದು ಹಣ ಕೊಟ್ಟರೂ ಸಿಗದ ಅನುಕೂಲ. ಈ ಮಾಹಿತಿ ಇಲ್ಲದೆ ಅಲ್ಲಲ್ಲಿ ಮಣ್ಣು ತೆಗೆದು ಪರೀಕ್ಷೆಗೆ ಕಳಿಸುವುದು ಕಣ್ಣು ಕಟ್ಟಿಕೊಂಡು ಬಾವಿ ತೋಡಿದ ಹಾಗೆ: ಖರ್ಚು ಖಂಡಿತ, ನೀರು ಅದೃಷ್ಟ.

ಎರಡನೆಯ ಹಂತದಲ್ಲಿ ಮಾದರಿಗಳನ್ನು ತೆಗೆಯುವಾಗ ಪ್ರತಿ ವಿಭಾಗಕ್ಕೂ ಬೇರೆ ಬೇರೆ ಸಂಶಯಗಳನ್ನು ಇಟ್ಟುಕೊಳ್ಳಬೇಕು. ನೀವು ಬರೆದದ್ದರಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಆ ಸಣ್ಣ ಕ್ರೋಮ್ ಕೋಣೆ. ಲೇಪಕ್ಕೆ ಬಳಸುವ ಷಟ್‌ವೇಲೆನ್ಸಿಯ ಕ್ರೋಮಿಯಂ (ಕ್ರೋಮಿಯಂ-6) ನೀರಿನಲ್ಲಿ ಸುಲಭವಾಗಿ ಕರಗಿ ಅಂತರ್ಜಲದೊಂದಿಗೆ ದೂರ ಸಾಗುತ್ತದೆ ಮತ್ತು ಕ್ಯಾನ್ಸರ್‌ಕಾರಕವೆಂದು ಸ್ಥಾಪಿತವಾಗಿದೆ. ಅದೇ ಲೋಹದ ತ್ರಿವೇಲೆನ್ಸಿಯ ರೂಪ (ಕ್ರೋಮಿಯಂ-3) ಬಹುಮಟ್ಟಿಗೆ ಮಣ್ಣಿಗೆ ಅಂಟಿಕೊಂಡಿರುತ್ತದೆ, ಅಪಾಯವೂ ಬಹಳ ಕಡಿಮೆ. ಆದ್ದರಿಂದ ಒಟ್ಟು ಕ್ರೋಮಿಯಂ ಎಷ್ಟು ಎಂಬ ಒಂದೇ ಸಂಖ್ಯೆಯ ವರದಿಯನ್ನು ಒಪ್ಪಿಕೊಳ್ಳಬೇಡಿ, ಎರಡೂ ರೂಪಗಳನ್ನು ಬೇರೆಬೇರೆಯಾಗಿ ಅಳೆಯಲು ಹೇಳಿ. ವರ್ಕ್‌ಶಾಪಿನಲ್ಲಿ ಯಂತ್ರಭಾಗಗಳ ಜಿಡ್ಡು ತೆಗೆಯಲು ಕ್ಲೋರಿನ್‌ಯುಕ್ತ ದ್ರಾವಕ ಬಳಸಿದ್ದರೆ, ಅದು ನೀರಿಗಿಂತ ಭಾರವಾದದ್ದರಿಂದ ಅಂತರ್ಜಲದ ಮಟ್ಟವನ್ನೂ ದಾಟಿ ಕೆಳಗಿಳಿದಿರಬಹುದು. ದಶಕಗಳ ನಂತರವೂ ಅದರ ಆವಿ ನೆಲದ ಬಿರುಕುಗಳಿಂದ ಮೇಲೆದ್ದು ಹೊಸ ಕಟ್ಟಡದೊಳಗೆ ಸೇರಬಲ್ಲದು. ಮೇಲ್ಮಣ್ಣು ಮಾತ್ರ ಪರೀಕ್ಷಿಸಿದರೆ ಇದು ಸಿಗುವುದೇ ಇಲ್ಲ. ಮಾಡಿನ ಶೀಟುಗಳಲ್ಲೂ ಬಾಯ್ಲರ್ ಕೊಳವೆಗಳ ಹೊದಿಕೆಯಲ್ಲೂ ಕಲ್ನಾರು ಇರುವ ಸಾಧ್ಯತೆ ಹೆಚ್ಚು. ಗಟ್ಟಿಯಾಗಿರುವ ಶೀಟಿಗಿಂತ ಪುಡಿಯಾಗುತ್ತಿರುವ ಹೊದಿಕೆ ಬಹಳ ಅಪಾಯಕಾರಿ, ಆದ್ದರಿಂದ ಶ್ರಮದಾನದ ಹುಮ್ಮಸ್ಸಿನಲ್ಲಿ ಯಾರೂ ಅದನ್ನು ಮುಟ್ಟದ ಹಾಗೆ ನೋಡಿಕೊಳ್ಳಿ. ಹಳೆಯ ಟ್ರಾನ್ಸ್‌ಫಾರ್ಮರ್ ಇದ್ದ ಕಟ್ಟೆಯ ಸುತ್ತ ಎಣ್ಣೆಯ ಕಲೆ ಇದ್ದರೆ ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಇರುತ್ತಿದ್ದ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕಕ್ಕಾಗಿ ಪರೀಕ್ಷಿಸಬೇಕು. ತಾಮ್ರಕ್ಕಾಗಿ ಟ್ರಾನ್ಸ್‌ಫಾರ್ಮರ್ ಒಡೆದು ಎಣ್ಣೆ ನೆಲಕ್ಕೆ ಚೆಲ್ಲುವುದು ಗುಜರಿಯವರ ಹಳೆಯ ರೂಢಿ.

ಇಷ್ಟೆಲ್ಲ ಎಚ್ಚರಿಕೆ ಏಕೆಂಬುದಕ್ಕೆ ಅಮೆರಿಕದ ನಯಾಗರಾ ಫಾಲ್ಸ್ ನಗರದ ಲವ್ ಕೆನಾಲ್ ಉದಾಹರಣೆ ಸಾಕು. ಹೂಕರ್ ಕೆಮಿಕಲ್ ಕಂಪನಿ 1942ರಿಂದ 1953ರ ತನಕ ಅಲ್ಲಿನ ಹಳೆಯ ಕಾಲುವೆಯೊಂದರಲ್ಲಿ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯವನ್ನು ಹೂತು, ಬಳಿಕ ಆ ಜಾಗವನ್ನು ಶಾಲಾ ಮಂಡಳಿಗೆ ಕೇವಲ 1 ಡಾಲರಿಗೆ ಬರೆದುಕೊಟ್ಟಿತು. ತ್ಯಾಜ್ಯದಿಂದಾಗುವ ಹಾನಿಗೆ ಕಂಪನಿ ಹೊಣೆಯಲ್ಲ ಎಂಬ ಮಾತು ಕ್ರಯಪತ್ರದಲ್ಲೇ ಇತ್ತು. ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳಾದವು, 1978ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಕುಟುಂಬಗಳನ್ನು ಸ್ಥಳಾಂತರಿಸಬೇಕಾಯಿತು. ವಿಷತ್ಯಾಜ್ಯದ ಜಾಗಗಳನ್ನು ಶುದ್ಧ ಮಾಡಿಸಲು ಅಮೆರಿಕ ತಂದ 1980ರ ಸೂಪರ್‌ಫಂಡ್ ಕಾಯ್ದೆಗೆ ಇದೇ ಮುಖ್ಯ ಪ್ರೇರಣೆ. ಪುಕ್ಕಟೆ ಬರುವ ಕೈಗಾರಿಕಾ ಜಾಗವನ್ನು ಪಡೆಯುವವರು ಆ 1 ಡಾಲರಿನ ಕ್ರಯಪತ್ರವನ್ನು ಒಮ್ಮೆ ನೆನೆಸಿಕೊಳ್ಳುವುದು ಒಳ್ಳೆಯದು.

ಇನ್ನು ಮಲಿನ ಎಂದ ಮಾತ್ರಕ್ಕೆ ಎಲ್ಲವನ್ನೂ ಅಗೆದು ಸಾಗಿಸಬೇಕೆಂದೇನೂ ಇಲ್ಲ. ವಿಷದ ಮೂಲ, ಅದು ಸಾಗುವ ದಾರಿ, ಅದು ತಲುಪುವ ಜೀವಿ ಈ ಮೂರೂ ಕೂಡಿದಾಗ ಮಾತ್ರ ಅಪಾಯ ಉಂಟಾಗುತ್ತದೆ. ನಡುವಿನ ದಾರಿಯನ್ನು ಕಡಿದರೂ ಸಾಕಾಗುವ ಸಂದರ್ಭಗಳು ಬಹಳ. ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 1985ರಲ್ಲಿ ಮುಚ್ಚಿದ ಥೈಸನ್ ಕಬ್ಬಿಣದ ಕಾರ್ಖಾನೆಯನ್ನು ಸುಮಾರು 180 ಹೆಕ್ಟೇರುಗಳ ಉದ್ಯಾನವನ್ನಾಗಿ ಮಾಡಿದ ಭೂದೃಶ್ಯ ವಿನ್ಯಾಸಕ ಪೀಟರ್ ಲಾಟ್ಸ್ ಈ ತತ್ತ್ವವನ್ನೇ ಹಿಡಿದರು. ಬಹಳ ಕೆಟ್ಟ ಮಣ್ಣನ್ನು ಅಲ್ಲಿಯೇ ಇದ್ದ ಹಳೆಯ ಬಂಕರುಗಳೊಳಗೆ (ಕಚ್ಚಾವಸ್ತು ತುಂಬಿಡುತ್ತಿದ್ದ ದೊಡ್ಡ ಕೋಣೆಗಳೊಳಗೆ) ಮುಚ್ಚಿಟ್ಟು, ಕೊಳಚೆ ಹರಿಯುತ್ತಿದ್ದ ಹಳೆಯ ಎಮ್ಷರ್ ಕಾಲುವೆಯ ನೀರನ್ನು ನೆಲದಡಿಯ ಕೊಳವೆಗೆ ತಿರುಗಿಸಿ, ಮೇಲಿನ ಪಾತ್ರದಲ್ಲಿ ಮಳೆನೀರು ಹರಿಯುವಂತೆ ಮಾಡಿದರು. 1994ರಲ್ಲಿ ಜನರಿಗೆ ತೆರೆದ ಆ ಉದ್ಯಾನದಲ್ಲಿ ಇಂದು ಗ್ಯಾಸ್ ತುಂಬುತ್ತಿದ್ದ ದೊಡ್ಡ ತೊಟ್ಟಿಯಲ್ಲಿ ನೀರು ತುಂಬಿಸಿ ಮುಳುಗುವ ತರಬೇತಿ ನಡೆಯುತ್ತದೆ, ಅದಿರಿನ ಬಂಕರುಗಳ ಗೋಡೆಗಳನ್ನು ಜನ ಹಗ್ಗ ಕಟ್ಟಿಕೊಂಡು ಹತ್ತುತ್ತಾರೆ.

ಒಮ್ಮೆ ಶುದ್ಧ ಮಾಡಿದರೆ ಮುಗಿಯಿತು ಎಂಬ ಭ್ರಮೆಯೂ ಬೇಡ. ಅಮೆರಿಕದ ಸಿಯಾಟಲ್‌ನ ಗ್ಯಾಸ್ ವರ್ಕ್ಸ್ ಪಾರ್ಕ್ 1975ರಲ್ಲಿ ತೆರೆಯಿತು. 1956ರವರೆಗೆ ಅನಿಲ ತಯಾರಿಸುತ್ತಿದ್ದ ಸ್ಥಾವರದ ಗೋಪುರಗಳನ್ನು ಉಳಿಸಿಕೊಂಡು, ಮಣ್ಣಿನಲ್ಲಿದ್ದ ಎಣ್ಣೆಯಂಥ ಮಾಲಿನ್ಯವನ್ನು ಸೂಕ್ಷ್ಮಜೀವಿಗಳೇ ತಿನ್ನುವಂತೆ ಕೊಳಚೆಯ ಗೊಬ್ಬರವನ್ನೂ ಸಾವಯವ ಕಸವನ್ನೂ ಬೆರೆಸಿ ಉಳುವ ವಿಧಾನವನ್ನು ಉದ್ಯಾನದ ವಿನ್ಯಾಸಕ ರಿಚರ್ಡ್ ಹಾಗ್ ಅಲ್ಲಿ ಅನುಸರಿಸಿದರು. ಆ ಕಾಲಕ್ಕೆ ಅದೊಂದು ದಿಟ್ಟ ಪ್ರಯೋಗ. ಆದರೂ 1984ರಲ್ಲಿ ಆರೋಗ್ಯದ ಕಳವಳದಿಂದ ಉದ್ಯಾನವನ್ನು ಕೆಲಕಾಲ ಮುಚ್ಚಬೇಕಾಯಿತು, ಅಂತರ್ಜಲದ ಶುದ್ಧೀಕರಣ ಮುಂದೆಯೂ ನಡೆಯಿತು, ಅಲ್ಲಿನ ದಡದಿಂದ ಸರೋವರಕ್ಕಿಳಿಯಲು ಜನರಿಗೆ ಅನುಮತಿ ಇಲ್ಲ. ನಿಮ್ಮ ಆಯವ್ಯಯದಲ್ಲಿ ಪ್ರತಿ ವರ್ಷದ ನೀರಿನ ಪರೀಕ್ಷೆಗೆ ಒಂದು ಬಾಬತ್ತು ಶಾಶ್ವತವಾಗಿ ಇರಲೇಬೇಕು.

ಉತ್ತರ: ಕರಾರುಪತ್ರ

ಮೇಲಿನ ಉತ್ತರದ ಪ್ರತಿ ಮಾತಿಗೂ ನನ್ನ ಒಪ್ಪಿಗೆ ಇದೆ, ಆದರೆ ಮಣ್ಣಿನಷ್ಟೇ ಮೊದಲು ನೋಡಬೇಕಾದ ಇನ್ನೊಂದು ಸಂಗತಿ ಇದೆ. ಜಾಗ ಚೆನ್ನಾದ ಮೇಲೆ ಅದರ ಬೆಲೆ ಏರುತ್ತದೆ. ಏರಿದ ಬೆಲೆ ಯಾರಿಗೆ ಸೇರುತ್ತದೆ ಎಂಬುದನ್ನು ಕಾಗದದಲ್ಲಿ ತೀರ್ಮಾನಿಸದೆ ಒಂದು ಗಿಡವನ್ನೂ ನೆಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪಾಳುಬಿದ್ದಾಗ ಯಾರಿಗೂ ಬೇಡವಾಗಿದ್ದ ನೆಲಕ್ಕೆ ಜನರ ದುಡಿಮೆಯಿಂದ ಕಳೆ ಬಂದೊಡನೆ ಹಕ್ಕುದಾರರು ಹುಟ್ಟಿಕೊಳ್ಳುವುದು ಲೋಕದಲ್ಲಿ ಹೊಸದೇನಲ್ಲ.

ಮುಂಬಯಿಯ ಗಿರಣಿಗಳ ಕಥೆ ನಿಮ್ಮ ಪ್ರಶ್ನೆಗೆ ತೀರ ಹತ್ತಿರದ್ದು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಶುರುವಾದ ಮುಷ್ಕರದ ನಂತರ ಅಲ್ಲಿನ ಬಹುಪಾಲು ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ನಗರದ ನಡುಮಧ್ಯದಲ್ಲಿ ನೂರಾರು ಎಕರೆ ಉಳಿಯಿತು. 1991ರ ಅಭಿವೃದ್ಧಿ ನಿಯಮ 58ರ ಪ್ರಕಾರ ಗಿರಣಿ ಜಮೀನನ್ನು ಅಭಿವೃದ್ಧಿಪಡಿಸುವಾಗ ಸುಮಾರು ಮೂರರಲ್ಲಿ ಒಂದು ಪಾಲು ಬಯಲು ಮತ್ತು ಉದ್ಯಾನಗಳಿಗಾಗಿ ನಗರಪಾಲಿಕೆಗೆ, ಇನ್ನೊಂದು ಪಾಲು ಸಾರ್ವಜನಿಕ ವಸತಿಗೆ, ಉಳಿದ ಪಾಲು ಮಾಲೀಕರಿಗೆ ಸೇರಬೇಕಿತ್ತು. ಓದಲು ಇಷ್ಟು ನ್ಯಾಯವಾದ ಸೂತ್ರ ಸಿಗುವುದು ಕಷ್ಟ. ಆದರೆ 2001ರ ತಿದ್ದುಪಡಿಯಲ್ಲಿ, ಕಟ್ಟಡಗಳು ನಿಂತಿದ್ದ ಭಾಗವನ್ನು ಲೆಕ್ಕದಿಂದ ಹೊರಗಿಟ್ಟು, ಆಗಲೇ ಖಾಲಿ ಇದ್ದ ನೆಲವನ್ನು ಮಾತ್ರ ಹಂಚಿದರೆ ಸಾಕೆಂದಾಯಿತು. ಗಿರಣಿಯೆಂದರೆ ಬಹುತೇಕ ಕಟ್ಟಡವೇ ಆಗಿರುವುದರಿಂದ ಸಾರ್ವಜನಿಕರ ಪಾಲು ಸಣ್ಣ ತುಂಡಿಗೆ ಇಳಿಯಿತು. ಬಾಂಬೆ ಹೈಕೋರ್ಟ್ 2005ರಲ್ಲಿ ಜನರ ಪರವಾಗಿ ತೀರ್ಪಿತ್ತಿತಾದರೂ 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಗೋಪುರಗಳೂ ಮಾಲ್‌ಗಳೂ ಎದ್ದವು. ಸೂತ್ರವೊಂದು ನಿಯಮದ ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ಯಾರು, ಯಾವ ಕಾರ್ಯವಿಧಾನದಿಂದ ಬದಲಿಸಬಹುದು ಎಂಬುದನ್ನೂ ನೋಡಬೇಕು ಎಂದು ಈ ಪ್ರಕರಣ ಓದಿದಾಗಲೆಲ್ಲ ನನಗೆ ಅನಿಸುತ್ತದೆ.

ಇದಕ್ಕೆ ಎದುರಾಗಿ ಲಂಡನ್ನಿನ ಕಾಯಿನ್ ಸ್ಟ್ರೀಟ್ ಇದೆ. ಥೇಮ್ಸ್ ನದಿಯ ದಡದ ಆ ಪಾಳು ಜಾಗದಲ್ಲಿ ಕಚೇರಿ ಗೋಪುರಗಳನ್ನು ಕಟ್ಟುವ ಯೋಜನೆಯನ್ನು ನಿವಾಸಿಗಳು ವರ್ಷಗಟ್ಟಲೆ ವಿರೋಧಿಸಿದ ಮೇಲೆ, 1984ರಲ್ಲಿ ಅವರೇ ಸ್ಥಾಪಿಸಿದ ಸಂಸ್ಥೆ ಅಂದಿನ ಗ್ರೇಟರ್ ಲಂಡನ್ ಕೌನ್ಸಿಲ್‌ನಿಂದ 13 ಎಕರೆಯನ್ನು ಕೊಂಡಿತು. ಆ ನೆಲವನ್ನು ಇಂಥಿಂಥ ಸಾರ್ವಜನಿಕ ಉಪಯೋಗಗಳಿಗೆ ಮಾತ್ರ ಬಳಸಬೇಕೆಂಬ ಷರತ್ತುಗಳನ್ನು ಮೊದಲೇ ಹೇರಿದ್ದರಿಂದ ಅದರ ಮಾರುಕಟ್ಟೆ ಬೆಲೆ ಕುಸಿದಿತ್ತು, ಕುಸಿದದ್ದರಿಂದಲೇ ಜನರ ಕೈಗೆ ಎಟುಕಿತು. ಷರತ್ತು ಎಂದರೆ ತೊಡಕು ಎಂದು ಭಾವಿಸುವವರಿಗೆ ಇದನ್ನು ತೋರಿಸಿ. ಶುರುವಿನಲ್ಲಿ ಖಾಲಿ ನೆಲದಲ್ಲಿ ವಾಹನ ನಿಲುಗಡೆ ನಡೆಸಿ ಆದಾಯ ಮಾಡಿಕೊಂಡರು, ಕ್ರಮೇಣ ಸಹಕಾರಿ ವಸತಿಗಳನ್ನು ಕಟ್ಟಿದರು, ಆಕ್ಸೋ ಟವರ್ ಎಂಬ ಹಳೆಯ ಕೈಗಾರಿಕಾ ಕಟ್ಟಡದಲ್ಲಿ ಮೇಲೆ ಮನೆಗಳನ್ನೂ ಕೆಳಗೆ ಕುಶಲಕರ್ಮಿಗಳ ಮಳಿಗೆಗಳನ್ನೂ ಮಾಡಿದರು.

ನಿಮ್ಮ ಕರಾರಿನಲ್ಲಿ ನಾನು ನೋಡಬಯಸುವ ಅಂಶಗಳನ್ನು ಹೇಳುತ್ತೇನೆ. ಜಾಗ ಟ್ರಸ್ಟಿನದೋ ಸಹಕಾರ ಸಂಘದದೋ ಆಗಲಿ, ಅದನ್ನು ಪರಭಾರೆ ಮಾಡುವ ಅಧಿಕಾರ ಆಡಳಿತ ಮಂಡಳಿಗೆ ಇರಬಾರದು, ಸಾಲಕ್ಕೆ ಅಡಮಾನ ಇಡುವುದಕ್ಕೂ ಮಿತಿ ಬೇಕು. ಹಳೆಯ ಮಾಲಿನ್ಯದ ಹೊಣೆ ಯಾರದೆಂಬುದು ಸ್ಪಷ್ಟವಾಗಿ ಬರೆದಿರಬೇಕು; ನಿಮಗೆ ಹಸ್ತಾಂತರವಾಗುವ ದಿನದಂದು ನೆಲದ ಸ್ಥಿತಿ ಹೀಗಿತ್ತು ಎಂಬ ಪರೀಕ್ಷಾ ವರದಿ ಕರಾರಿಗೆ ಲಗತ್ತಾಗಿದ್ದರೆ ಮುಂದೆ ನಿಮ್ಮನ್ನು ಕಾಪಾಡುವುದು ಅದೇ. ಗಿರಣಿಯ ಮೇಲೆ ಬ್ಯಾಂಕಿನ ಹಳೆಯ ಸಾಲ, ಕಾರ್ಮಿಕರ ಬಾಕಿ ವೇತನ, ಲಿಕ್ವಿಡೇಟರ್ (ಮುಚ್ಚಿದ ಕಂಪನಿಯ ಆಸ್ತಿ, ಸಾಲಗಳನ್ನು ವಿಲೇವಾರಿ ಮಾಡುವವರು) ಮುಂದಿರುವ ತಕರಾರು ಏನಾದರೂ ಉಳಿದಿದೆಯೇ ಎಂದು ವಕೀಲರೊಬ್ಬರಿಂದ ದಾಖಲೆ ತೆಗೆಸಿ ನೋಡಿ. ಸ್ಥಳೀಯ ಆಡಳಿತದ ವಶದಲ್ಲಿದೆ ಎಂಬ ನಿಮ್ಮ ಮಾತಿನಲ್ಲಿ ವಶ ಬೇರೆ, ಒಡೆತನ ಬೇರೆ ಇರಬಹುದು.

ಜಾಗದೊಳಗಿನ ಒಡೆತನ ಭದ್ರವಾದರೂ ಹೊರಗಿನದು ಕೈಮೀರಿ ಹೋಗಬಹುದು. 1980ರಲ್ಲಿ ಕೊನೆಯ ಗೂಡ್ಸ್ ರೈಲು ಓಡಿದ ನ್ಯೂಯಾರ್ಕಿನ ಹೈ ಲೈನ್ ಮಾರ್ಗವನ್ನು ಕೆಡವದಂತೆ ಉಳಿಸಲು 1999ರಲ್ಲಿ ಇಬ್ಬರು ನಿವಾಸಿಗಳು ಸಂಘ ಕಟ್ಟಿದರು. 2009ರಲ್ಲಿ ಅದರ ಮೊದಲ ಭಾಗ ಉದ್ಯಾನವಾಗಿ ತೆರೆಯಿತು. ಅದು ಎಷ್ಟು ಜನಪ್ರಿಯವಾಯಿತೆಂದರೆ ಅಕ್ಕಪಕ್ಕದ ನೆಲದ ಬೆಲೆ, ಬಾಡಿಗೆ ಎಲ್ಲ ಏರಿ, ಕಡಿಮೆ ಆದಾಯದ ನೆರೆಹೊರೆಯವರಿಗೆ ಅದರಿಂದ ಏನು ದಕ್ಕಿತು ಎಂಬ ಪ್ರಶ್ನೆಯನ್ನು ಸ್ಥಾಪಕರೇ ಆಮೇಲೆ ಎತ್ತಿದರು. ನಿಮ್ಮಲ್ಲಿ ಕಡಿಮೆ ಬಾಡಿಗೆಯ ಮನೆಗಳ ಪರವಾಗಿ ಮಾತಾಡುತ್ತಿರುವವರ ಮಾತಿಗೆ ಈ ಕಾರಣಕ್ಕಾಗಿ ನಾನು ಹೆಚ್ಚು ತೂಕ ಕೊಡುತ್ತೇನೆ.

ಉತ್ತರ: ಕಬ್ಬಿಣದ ತೊಲೆ

ಕೆಡವುವ ವಿಚಾರ ಬಂದಿರುವುದರಿಂದ ಕಟ್ಟಡಗಳ ಬಗ್ಗೆ ಬರೆಯುತ್ತೇನೆ. ನೇಯ್ಗೆ ಶೆಡ್ಡುಗಳು ಸಾಮಾನ್ಯವಾಗಿ ದೊಡ್ಡ ತೆರವಿನ, ಮೇಲಿನಿಂದ ಸಮನಾದ ಬೆಳಕು ಬೀಳುವ, ಭಾರ ತಡೆಯುವ ನೆಲದ ಕಟ್ಟಡಗಳು. ಇಂಥ ಒಳಾಂಗಣವನ್ನು ಹೊಸದಾಗಿ ಕಟ್ಟಲು ಸಮುದಾಯದ ಗುಂಪುಗಳಿಗೆ ಎಂದೂ ಹಣ ಒದಗುವುದಿಲ್ಲ. ಕುಸಿದ ಮಾಡನ್ನು ನೋಡಿ ಕಟ್ಟಡವೇ ಹೋಯಿತೆಂದು ತಿಳಿಯಬೇಡಿ. ಕಂಬ, ತೊಲೆ, ಅಡಿಪಾಯಗಳು ಗಟ್ಟಿಯಾಗಿವೆಯೇ ಎಂದು ಸ್ಟ್ರಕ್ಚರಲ್ ಇಂಜಿನಿಯರ್ ಹೇಳಲಿ. ಅಷ್ಟರವರೆಗೆ ಮಾಡಬೇಕಾದದ್ದು ಎರಡೇ: ಮಳೆನೀರು ಗೋಡೆಯೊಳಗೆ ಇಳಿಯದಂತೆ ತಡೆಯುವುದು, ಗೋಡೆಯ ಬಿರುಕಿನಲ್ಲಿ ಬೇರು ಬಿಟ್ಟ ಆಲ, ಅರಳಿಗಳನ್ನು ದಪ್ಪವಾಗುವ ಮೊದಲು ತೆಗೆಯುವುದು. ಚಿಮಣಿಯ ಬಗ್ಗೆ ಮಾತ್ರ ಭಾವುಕತೆ ಬೇಡ, ಅದು ವಾಲಿದೆಯೇ ಎಂದು ಅಳೆಸಿ, ವರದಿ ಬರುವ ತನಕ ಅದರ ಬುಡದಿಂದ ಸುತ್ತಲೂ ಕನಿಷ್ಠ ಅದರ ಎತ್ತರದಷ್ಟು ದೂರದೊಳಗೆ ಯಾರನ್ನೂ ಬಿಡಬೇಡಿ.

ನಿಮ್ಮ ಗುಂಪಿನವರೆಲ್ಲ ಒಮ್ಮೆ ಚಿತ್ರಗಳಲ್ಲಾದರೂ ನೋಡಬೇಕಾದ ಜಾಗವೆಂದರೆ ಬ್ರೆಜಿಲಿನ ಸಾವೊ ಪೌಲೊ ನಗರದ ಸೆಸ್ಕ್ ಪೊಂಪೇಯ. ಪೀಪಾಯಿ ತಯಾರಿಸುತ್ತಿದ್ದ ಹಳೆಯ ಕಾರ್ಖಾನೆಯನ್ನು ಸಾಂಸ್ಕೃತಿಕ ಕೇಂದ್ರವಾಗಿಸುವ ಕೆಲಸ 1970ರ ದಶಕದ ಕೊನೆಯಲ್ಲಿ ವಾಸ್ತುಶಿಲ್ಪಿ ಲೀನಾ ಬೊ ಬಾರ್ಡಿ ಅವರಿಗೆ ಬಂತು. ಅವರು ಅಲ್ಲಿಗೆ ಹೋದಾಗ ಸುತ್ತಲಿನ ಮಕ್ಕಳು ಆಗಲೇ ಶೆಡ್ಡುಗಳಲ್ಲಿ ಆಡುತ್ತಿದ್ದರು, ಹಿರಿಯರು ಅಲ್ಲೇ ಕೂತು ವಿರಾಮ ಕಳೆಯುತ್ತಿದ್ದರು. ಇರುವ ಈ ಬಳಕೆಯನ್ನು ಕೆಡಿಸದೆ ಉಳಿಸಿಕೊಳ್ಳುವುದೇ ತನ್ನ ಕೆಲಸ ಎಂದು ಅವರು ತೀರ್ಮಾನಿಸಿದರು. ಗೋಡೆಯ ಗಾರೆ ಕೆರೆದು ಇಟ್ಟಿಗೆಯನ್ನು ಕಾಣಿಸಿ, ಒಳಗೆ ಓದುವ ಜಾಗ, ಕರಕುಶಲ ಕಾರ್ಯಾಗಾರಗಳು, ರಂಗಮಂದಿರ, ಊಟದ ಕೋಣೆ ಮಾಡಿದರು. 1982ರಲ್ಲಿ ಅದು ತೆರೆಯಿತು, ಕ್ರೀಡೆಗಳ ಕಾಂಕ್ರೀಟ್ ಗೋಪುರಗಳು 1986ರ ಹೊತ್ತಿಗೆ ಸೇರಿದವು. ನಿಮ್ಮಲ್ಲಿ ಗ್ರಂಥಾಲಯ, ತರಬೇತಿ, ಆಟ ಎಂದು ಪರಸ್ಪರ ಎದುರಾಗಿ ನಿಂತಿರುವ ಬೇಡಿಕೆಗಳು ಅಲ್ಲಿ ಒಂದೇ ಮಾಡಿನಡಿ ಕೂತಿವೆ.

ಆದರೆ ಅದರ ಹಿಂದಿನ ಒಂದು ಸಂಗತಿಯನ್ನು ಮರೆತು ಆ ಕಟ್ಟಡವನ್ನಷ್ಟೇ ಹೊಗಳುವ ಲೇಖನಗಳ ಬಗ್ಗೆ ನನಗೆ ಅಸಮಾಧಾನವಿದೆ. ಆ ಕೇಂದ್ರವನ್ನು ನಡೆಸುವ ಸೆಸ್ಕ್ ಸಂಸ್ಥೆಗೆ ವಾಣಿಜ್ಯ ಮತ್ತು ಸೇವಾ ವಲಯದ ಉದ್ಯಮಗಳು ತಮ್ಮ ವೇತನ ಮೊತ್ತದ 1.5 ಶೇಕಡಾವನ್ನು ಕಡ್ಡಾಯವಾಗಿ ಕೊಡುತ್ತವೆ. ದಶಕಗಳ ನಂತರವೂ ಅಲ್ಲಿನ ದೀಪ ಉರಿಯುತ್ತಿರುವುದು, ಶೌಚಾಲಯ ಸ್ವಚ್ಛವಿರುವುದು, ಕಾರ್ಯಾಗಾರಕ್ಕೆ ಶಿಕ್ಷಕರು ಬರುವುದು ಆ ನಿಯತ ವರಮಾನದಿಂದ. ಹೊಸದಾಗಿ ಮಾಡಿಕೊಡುವುದಕ್ಕೆ ದಾನಿಗಳು ಸಿಗುತ್ತಾರೆ, ಫಲಕದಲ್ಲಿ ಹೆಸರು ಬರೆಸಬಹುದು. ಮೂರನೆಯ ವರ್ಷದ ವಿದ್ಯುತ್ ಬಿಲ್ಲಿಗೆ, ಕಾವಲುಗಾರರ ಸಂಬಳಕ್ಕೆ, ಸೋರುವ ಮಾಡಿನ ದುರಸ್ತಿಗೆ ಯಾರೂ ಸಿಗುವುದಿಲ್ಲ. ಆದ್ದರಿಂದ ಒಂದೆರಡು ಶೆಡ್ಡುಗಳನ್ನು ಸಣ್ಣ ಉದ್ಯಮಗಳಿಗೆ, ಬಡಗಿ ಅಥವಾ ಹೊಲಿಗೆ ಘಟಕಗಳಿಗೆ ನ್ಯಾಯವಾದ ಬಾಡಿಗೆಗೆ ಕೊಟ್ಟು, ಆ ಆದಾಯವನ್ನು ನಿರ್ವಹಣೆಗೆಂದೇ ಮೀಸಲಿಡುವ ಲೆಕ್ಕವನ್ನು ಯೋಜನೆಯ ಮೊದಲ ಪುಟದಲ್ಲೇ ಬರೆಯಿರಿ.

ಎಲ್ಲವನ್ನೂ ಒಟ್ಟಿಗೆ ಮುಗಿಸುವ ಹಟವೂ ಬೇಡ. ಫ್ರಾನ್ಸಿನ ಮಾರ್ಸೇಯ ನಗರದ ಹಳೆಯ ತಂಬಾಕು ಕಾರ್ಖಾನೆಯೊಂದನ್ನು 1992ರಲ್ಲಿ ಕಲಾವಿದರು ಬಳಸತೊಡಗಿದರು. ಅದನ್ನು ನಡೆಸಲು ಸಾರ್ವಜನಿಕ ಸಂಸ್ಥೆಗಳೂ ಬಳಕೆದಾರರೂ ಸದಸ್ಯರಾಗಿರುವ ಸಹಕಾರಿ ಸಂಸ್ಥೆ ರೂಪುಗೊಂಡದ್ದು 2007ರಲ್ಲಿ. ಆ ನಡುವಿನ ಕಾಲ ವ್ಯರ್ಥವಾಗಲಿಲ್ಲ. ಯಾವ ಶೆಡ್ಡಿಗೆ ಯಾವ ಬಳಕೆ ಒಗ್ಗುತ್ತದೆ ಎಂಬುದು ಬಳಸುತ್ತಲೇ ಗೊತ್ತಾಯಿತು.

ಪ್ರತಿಕ್ರಿಯೆ: ಹಳೆಗಿರಣಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಗುಂಪಿನ ಪರವಾಗಿ ಕೃತಜ್ಞತೆಗಳು. ಉತ್ತರಗಳನ್ನು ಸಭೆಯಲ್ಲಿ ಓದಿದೆವು. ಎರಡು ಪ್ರಶ್ನೆಗಳು ಎದ್ದವು. ಸೂರ್ಯಕಾಂತಿ, ಸಾಸಿವೆ ಬೆಳೆದರೆ ಅವು ಮಣ್ಣಿನ ವಿಷವನ್ನು ಹೀರಿಕೊಳ್ಳುತ್ತವೆ, ಎರಡು ಬೆಳೆ ತೆಗೆದ ಮೇಲೆ ತರಕಾರಿ ತೋಟ ಮಾಡಬಹುದು ಎಂದು ಒಬ್ಬರು ಹೇಳುತ್ತಾರೆ, ಇದು ನಿಜವೇ? ಇನ್ನೊಂದು, ಸದ್ಯಕ್ಕೆ 5 ವರ್ಷದ ಗುತ್ತಿಗೆಯನ್ನು ಬಾಡಿಗೆಯಿಲ್ಲದೆ ಕೊಡುತ್ತೇವೆ, ಮುಂದಿನದು ಆಮೇಲೆ ನೋಡೋಣ ಎಂದು ಆಡಳಿತದವರು ಸೂಚಿಸಿದ್ದಾರೆ. ಒಪ್ಪಿಕೊಳ್ಳಬಹುದೇ?

ಉತ್ತರ: ಕರಾರುಪತ್ರ

5 ವರ್ಷದ ಗುತ್ತಿಗೆಯನ್ನು ತಿರಸ್ಕರಿಸಬೇಕಾಗಿಲ್ಲ, ಆದರೆ 5 ವರ್ಷಕ್ಕೆ ತಕ್ಕ ಕೆಲಸವನ್ನಷ್ಟೇ ಅದರ ಮೇಲೆ ಮಾಡಿ. ಆಮ್‌ಸ್ಟರ್‌ಡ್ಯಾಮಿನ ಡೆ ಸೂವೆಲ್ ಎಂಬ, ಹಿಂದೆ ಹಡಗು ಕಟ್ಟುತ್ತಿದ್ದ ಮಲಿನ ಜಾಗ ಒಂದು ಗುಂಪಿಗೆ 10 ವರ್ಷದ ಗುತ್ತಿಗೆಗೆ ಸಿಕ್ಕಿತು. ಅವರು ಶಾಶ್ವತ ಕಟ್ಟಡ ಕಟ್ಟಲಿಲ್ಲ. ಬಳಕೆಗೆ ಬಾರದ ದೋಣಿಮನೆಗಳನ್ನು ನೆಲಕ್ಕೆ ಎಳೆದು ತಂದು ಕಚೇರಿ ಮತ್ತು ಕಾರ್ಯಾಗಾರ ಮಾಡಿಕೊಂಡರು, ಓಡಾಡಲು ಮಣ್ಣಿಗೆ ತಾಗದ ಎತ್ತರದ ಮರದ ಹಾದಿ ಹಾಕಿದರು, ಕೆಳಗೆ ಮಣ್ಣು ಶುದ್ಧ ಮಾಡುವ ಗಿಡಗಳನ್ನು ಬೆಳೆಸಿದರು. 2014ರಲ್ಲಿ ಅದು ತೆರೆಯಿತು. ಗುತ್ತಿಗೆ ಮುಗಿದರೆ ಎತ್ತಿಕೊಂಡು ಹೋಗಬಹುದಾದ್ದನ್ನು ಮಾತ್ರ ಮೇಲೆ ಇಡುವ ಈ ವಿವೇಕ ನಿಮಗೂ ಹೊಂದುತ್ತದೆ. ಶೆಡ್ಡುಗಳ ಮಾಡಿಗೆ ದೊಡ್ಡ ಹಣ ಹಾಕುವ ಮುನ್ನ ಕನಿಷ್ಠ 30 ವರ್ಷದ ಗುತ್ತಿಗೆಯನ್ನೋ ಷರತ್ತುಬದ್ಧ ಒಡೆತನವನ್ನೋ ಕೇಳಿ. 5 ವರ್ಷದ ಕರಾರಿನಲ್ಲೇ ನವೀಕರಣದ ಹಕ್ಕು ಮತ್ತು ನೀವು ಹಾಕಿದ ಹಣಕ್ಕೆ ಪರಿಹಾರ ಎಂಬ ಎರಡು ಕಲಮುಗಳನ್ನು ಸೇರಿಸಲು ಒತ್ತಾಯಿಸಿ. ಬಾಯಿಮಾತಿನ ಭರವಸೆ ಕೊಟ್ಟ ಅಧಿಕಾರಿ ವರ್ಗವಾಗಿ ಹೋಗುತ್ತಾರೆ.

ಉತ್ತರ: ಬೇಲಿಯಾಚೆ

ಪೊದೆ ಬೆಳೆದಿದೆ ಎಂದು ಪ್ರಶ್ನೆಯಲ್ಲಿ ಒಂದು ವಾಕ್ಯ ಬಂದು ಹೋಯಿತು, ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. ಬರ್ಲಿನ್ನಿನ ಟೆಂಪೆಲ್‌ಹೋಫ್ ರೈಲು ಯಾರ್ಡ್ 1952ರಲ್ಲಿ ಕೆಲಸ ನಿಲ್ಲಿಸಿದ ಮೇಲೆ ಹಳಿಗಳ ನಡುವೆ ತಾನಾಗಿ ಕಾಡು ಬೆಳೆಯಿತು. ಅಲ್ಲಿ ಹೊಸ ಯಾರ್ಡ್ ಮಾಡುವ ಯೋಜನೆಯನ್ನು ನಾಗರಿಕರು ತಡೆದು, ಸುಮಾರು 18 ಹೆಕ್ಟೇರನ್ನು 2000ದಲ್ಲಿ ಸ್ಯೂಡ್‌ಗೆಲೆಂಡೆ ನಿಸರ್ಗ ಉದ್ಯಾನವಾಗಿ ತೆರೆಯುವಂತೆ ಮಾಡಿದರು. ಹಳಿಗಳೂ ನೀರಿನ ಗೋಪುರವೂ ಹಾಗೆಯೇ ಇವೆ, ಸೂಕ್ಷ್ಮ ಭಾಗದಲ್ಲಿ ಜನ ಎತ್ತರದ ಹಾದಿಯ ಮೇಲೆ ಮಾತ್ರ ನಡೆಯುತ್ತಾರೆ. ನಿಮ್ಮ ಅರ್ಧ ಜಾಗದಲ್ಲಿ ಏನೇನು ಬೆಳೆದಿದೆ, ಯಾವ ಹಕ್ಕಿ ಗೂಡು ಕಟ್ಟಿದೆ ಎಂದು ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರಿಂದ ಪಟ್ಟಿ ಮಾಡಿಸುವ ತನಕ ಜೆಸಿಬಿ ಒಳಗೆ ಬರಬಾರದು ಎಂದು ಕೇಳಿಕೊಳ್ಳುತ್ತೇನೆ. ಎಲ್ಲ ನೆಲಕ್ಕೂ ಒಂದು ಉಪಯೋಗ ಹಚ್ಚಲೇಬೇಕೆಂಬ ಆತುರವೇ ನನಗೆ ಅರ್ಥವಾಗದ್ದು.

ಉತ್ತರ: ಮಣ್ಣುನೀರು

ಬೇಲಿಯಾಚೆಯವರ ಸಲಹೆಗೆ ನನ್ನ ಕ್ಷೇತ್ರದಿಂದಲೂ ಒಂದು ಬೆಂಬಲವಿದೆ: ಬೇರು ಹಿಡಿದ ಮಣ್ಣಿನಿಂದ ವಿಷದ ಧೂಳು ಏಳುವುದು ಕಡಿಮೆ. ಪೊದೆ ಕಿತ್ತು ನೆಲ ಬರಿದು ಮಾಡಿದ ದಿನವೇ ಧೂಳಿನ ದಾರಿ ತೆರೆದುಕೊಳ್ಳುತ್ತದೆ. ಹೀಗಾಗಿ ಮಾದರಿ ತೆಗೆಯಲು ಬೇಕಾದಷ್ಟು ಕಾಲುದಾರಿ ಮಾತ್ರ ಸವರಿದರೆ ಸಾಕು.

ಸೂರ್ಯಕಾಂತಿಯ ಮಾತು ಅರ್ಧ ನಿಜ. ಕೆಲವು ಸಸ್ಯಗಳು ಲೋಹಗಳನ್ನು ಹೀರುವುದು ಹೌದು. ಪ್ಟೆರಿಸ್ ವಿಟಾಟಾ ಎಂಬ ಜರೀಗಿಡ ಆರ್ಸೆನಿಕ್ಕನ್ನು ಅಸಾಧಾರಣ ಪ್ರಮಾಣದಲ್ಲಿ ಎಲೆಗಳಲ್ಲಿ ಶೇಖರಿಸುತ್ತದೆ ಎಂದು 2001ರಲ್ಲಿ ವರದಿಯಾಯಿತು. ಆದರೆ ಬೇರು ತಲುಪುವ ಆಳದಾಚೆಗೆ ಗಿಡ ಏನೂ ಮಾಡಲಾರದು, ಸೀಸದಂಥ ಲೋಹ ಮಣ್ಣಿಗೆ ಎಷ್ಟು ಬಿಗಿಯಾಗಿ ಅಂಟಿಕೊಂಡಿರುತ್ತದೆಂದರೆ ಗಿಡಕ್ಕೆ ಸಿಗುವುದು ಅತ್ಯಲ್ಪ, ಮತ್ತು ಈ ವಿಧಾನಕ್ಕೆ ಹಿಡಿಯುವ ಕಾಲವನ್ನು ಬೆಳೆಗಳಲ್ಲಿ ಲೆಕ್ಕ ಹಾಕುವ ಹಾಗಿಲ್ಲ, ಹಲವು ಸಲ ದಶಕಗಳೇ ಬೇಕು. ಮೇಲಾಗಿ ವಿಷ ಹೀರಿದ ಗಿಡವೇ ಅಪಾಯಕಾರಿ ತ್ಯಾಜ್ಯವಾಗುತ್ತದೆ. ಅದನ್ನು ದನಕ್ಕೆ ಹಾಕಿದರೆ, ಒಲೆಗೆ ಹಾಕಿದರೆ, ಗೊಬ್ಬರ ಮಾಡಿದರೆ ನೀವು ಮಣ್ಣಿನಲ್ಲಿ ಸುಮ್ಮನೆ ಬಿದ್ದಿದ್ದ ವಿಷಕ್ಕೆ ಹೊಸ ದಾರಿ ಮಾಡಿಕೊಟ್ಟಂತೆ. ಎಣ್ಣೆಯ ಮಾಲಿನ್ಯವಿದ್ದ ಕಡೆ ಸೂಕ್ಷ್ಮಜೀವಿಗಳ ವಿಧಾನ ಹೆಚ್ಚು ಫಲಕಾರಿ, ಕ್ರೋಮ್ ಕೋಣೆಯ ಸುತ್ತ ಗಿಡಗಳನ್ನು ನಂಬಲೇಬೇಡಿ.

ತರಕಾರಿ ತೋಟ ಕೇಳಿದ ಮಹಿಳೆಯರನ್ನು ಇದಕ್ಕಾಗಿ ಕಾಯಿಸಬೇಕಾಗಿಲ್ಲ. ಬಣ್ಣದ ವಿಭಾಗ, ವರ್ಕ್‌ಶಾಪು, ಬೂದಿಯ ಗುಡ್ಡೆಗಳಿಂದ ದೂರದ, ಪರೀಕ್ಷೆಯಲ್ಲಿ ಕಡಿಮೆ ಮಾಲಿನ್ಯ ಕಂಡ ಮೂಲೆಯೊಂದರಲ್ಲಿ, ನೆಲಕ್ಕೆ ದಪ್ಪ ನೇಯ್ದ ಬಟ್ಟೆಯ ತಡೆ ಹಾಸಿ, ಮೇಲೆ ಕಟ್ಟೆ ಕಟ್ಟಿದ ಪಾತಿಗಳಲ್ಲಿ ಹೊರಗಿನಿಂದ ತಂದ ಪರೀಕ್ಷಿತ ಮಣ್ಣು ತುಂಬಿ ಬೆಳೆಯಬಹುದು. ಪಾತಿ ಎತ್ತರವಾದಷ್ಟೂ ಒಳ್ಳೆಯದು. ಜಾಗದ ಒಳಗಿನ ಬಾವಿಯ ನೀರನ್ನು ಅಂತರ್ಜಲದ ವರದಿ ಬರುವವರೆಗೆ ಪಾತಿಗಳಿಗೆ ಹಾಕಬಾರದು, ಹಳೆಯ ಮರದ ತೊಲೆಗಳನ್ನು ಪಾತಿಯ ಅಂಚಿಗೆ ಬಳಸಬಾರದು, ಏಕೆಂದರೆ ಅವುಗಳಿಗೆ ಹಚ್ಚಿದ ಬಣ್ಣದಲ್ಲಿ ಸೀಸ ಇರಬಹುದು. ಮಾದರಿಗಳನ್ನು ತೆಗೆಸುವಾಗ ಮೊದಲ ಕಂತಿನಲ್ಲೇ ಈ ಮೂಲೆಯನ್ನೂ ಆ ಬಾವಿಯನ್ನೂ ಸೇರಿಸಿಕೊಂಡರೆ, ಉಳಿದ ಜಾಗದ ತೀರ್ಮಾನ ಎಷ್ಟೇ ತಡವಾದರೂ ತೋಟದ ಕೆಲಸ ಶುರು ಮಾಡಬಹುದು. ಕಳೆದ ಉತ್ತರದಲ್ಲಿ ಹೇಳಿದ ಮಾಜಿ ಕಾರ್ಮಿಕರ ನಡಿಗೆ ಮುಗಿದ ಮೇಲೆ ಅವರು ತೋರಿಸಿದ ಜಾಗಗಳನ್ನು ಗುರುತು ಮಾಡಿದ ನಕ್ಷೆಯನ್ನು ಇಲ್ಲಿ ಹಾಕಿದರೆ, ಮಾದರಿ ತೆಗೆಯಬೇಕಾದ ಬಿಂದುಗಳನ್ನೂ ಆಳವನ್ನೂ ಗುರುತಿಸಿ ಕೊಡುತ್ತೇನೆ.